ಎರಡನೆಯ ಸಹಿ

"ಬಿಡಿ ಆಂಟಿ, ಹಿಂದೆ ಎರಡು ಪಿನ್ ಚುಚ್ಚಿದ್ರೆ ಆಯ್ತಂತೆ. ಮಲಗಿಸಿದ ಮೇಲೆ ಬೆನ್ನು ಯಾರಿಗೆ ಕಾಣುತ್ತೆ?"

ಟೈಲರ್ ಮಾಸ್ಟರ ಮಗಳು ಬಾಗಿಲಲ್ಲಿ ನಿಂತು ಇದನ್ನು ಮೂರನೆಯ ಸಲ ಹೇಳುವ ಹೊತ್ತಿಗೆ ಕಾಜಾದಮ್ಮ ಕೋಟಿನ ನಡುಬೆನ್ನಿನ ಹೊಲಿಗೆಯನ್ನು ಕತ್ತಿನಿಂದ ಸೊಂಟದವರೆಗೆ ಬಿಚ್ಚಿ ಮುಗಿಸಿದ್ದಳು.

"ಐದೇ ನಿಮಿಷ," ಎಂದಳು. ತುಟಿಗಳ ನಡುವೆ ಸೂಜಿ ಇದ್ದುದರಿಂದ ಮಾತು ಅರ್ಧ ಒಳಗೇ ಉಳಿಯಿತು.

ಐದು ನಿಮಿಷದ ಕೆಲಸವಲ್ಲ ಅದು, ಅವಳಿಗೂ ಗೊತ್ತಿತ್ತು. ಮಾಸ್ಟರು ತಮಗಾಗಿ ಹೊಲಿದುಕೊಂಡಿದ್ದ ಒಂದೇ ಒಂದು ಕೋಟು ಅದು. ಊರಿನ ಗಂಡಸರನ್ನೆಲ್ಲ ಮದುವೆಗೆ, ಕೋರ್ಟಿಗೆ, ಹೊಸ ಕೆಲಸಕ್ಕೆ ಸಿಂಗರಿಸಿ ಕಳಿಸಿದ ಟೈಲರು ತಾವು ಮಾತ್ರ ನಲವತ್ತು ವರ್ಷ ತೋಳು ಮಡಚಿದ ಅಂಗಿಯಲ್ಲೇ ಕಳೆದಿದ್ದರು. ಮಗಳ ಮದುವೆಗೆಂದು ಎಲ್ಲರೂ ಬೈದು ಬೈದು ಈ ಕೋಟು ಹೊಲಿದುಕೊಳ್ಳುವಂತೆ ಮಾಡಿದ್ದರು. ಆಗ ಎದೆ ತುಂಬಿ ಕೂತಿದ್ದ ಕೋಟಿನೊಳಗೆ ಈಗ ಮಾಸ್ಟರಂಥವರು ಇಬ್ಬರು ಹಿಡಿಸುತ್ತಿದ್ದರು. ಆರು ತಿಂಗಳ ಕಾಯಿಲೆ ಮೈಯಲ್ಲಿ ಏನನ್ನೂ ಉಳಿಸಿರಲಿಲ್ಲ. ಪಿನ್ ಚುಚ್ಚಿ ಕಳಿಸಬೇಕಂತೆ! ಗಿರಾಕಿ ಅಂಗಿಗೆ ಪಿನ್ ಸಿಕ್ಕಿಸಿಕೊಂಡು ಬಂದರೆ "ಇದೇನು ಬಟ್ಟೆಯೋ ನೋಟೀಸು ಬೋರ್ಡೋ" ಎಂದು ಹೀಯಾಳಿಸುತ್ತಿದ್ದ ಮನುಷ್ಯನನ್ನು.

ಕಾಜಾದಮ್ಮನಿಗೆ ಅರವತ್ತೊಂದು. ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕಿ, ಗುಂಡಿ ಹೊಲಿದು, ಅಂಚು ಮಡಚುವುದು ಅವಳ ಕೆಲಸವಾದ್ದರಿಂದ ಗಿರಾಕಿಗಳ ಬಾಯಲ್ಲಿ ಅವಳು ಕಾಜಾದಮ್ಮ ಆಗಿದ್ದಳು. ಈ ಮನೆಗೆ ಬಂದು ಹದಿನೆಂಟು ವರ್ಷ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ ಅಂಗಡಿ; ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ. ಇದನ್ನು ಬಿಟ್ಟರೆ ತಲೆ ಇಟ್ಟು ಮಲಗಲು ಅವಳಿಗೆ ಈ ಭೂಮಿಯ ಮೇಲೆ ಇನ್ನೊಂದು ಜಾಗ ಇರಲಿಲ್ಲ.

ಗೋಡೆಯಾಚೆ ಮಾಸ್ಟರ ಮಗ ಯಾರಿಗೋ ಫೋನಿನಲ್ಲಿ ಮೆಲ್ಲಗೆ ಹೇಳುತ್ತಿದ್ದ. "ಹೂಂ, ಹನ್ನೊಂದಕ್ಕೆ ಮಣ್ಣು... ವರ್ಷದ ಕೊನೆಯ ರಜೆ ಅಲ್ವಾ, ಸ್ಮಶಾನದ ಆಳುಗಳು ಮಧ್ಯಾಹ್ನಕ್ಕೇ ಹೊರಟುಬಿಡ್ತಾರಂತೆ... ಮನೆ ವಿಷಯ ಈ ರಜೆಯಲ್ಲೇ ಒಂದು ದಾರಿಗೆ ತರಬೇಕು. ಮತ್ತೆ ಇಬ್ಬರೂ ಒಟ್ಟಿಗೆ ಬರೋದು ಯಾವ ಕಾಲಕ್ಕೋ."

ಕಾಜಾದಮ್ಮನ ಸೂಜಿ ನಿಲ್ಲಲಿಲ್ಲ. ಮಾಡಿಕೊಳ್ಳಲಿ, ಮಾತಾಡಿಕೊಳ್ಳಲಿ. ಬೀರುವಿನಲ್ಲಿ, ನೂಲಿನ ಡಬ್ಬಿಗಳ ಕೆಳಗೆ, ಮಾಸ್ಟರ ಕೈಬರಹದ ಕಾಗದ ಇತ್ತು. ತಾನು ಬದುಕಿರುವಷ್ಟು ಕಾಲ ಈ ಮನೆಯಿಂದ ತನ್ನನ್ನು ಯಾರೂ ಏಳು ಎನ್ನುವಂತಿಲ್ಲವೆಂದು ಅದರಲ್ಲಿ ಬರೆದಿತ್ತು. ಮಾಸ್ಟರು ಹೋದ ದುಃಖವೊಂದೇ ಇವತ್ತು ಅವಳ ಪಾಲಿಗೆ. ಬೀದಿಯ ಭಯ ಅದರ ಜೊತೆ ಸೇರಿರಲಿಲ್ಲ. ಅಷ್ಟು ಪುಣ್ಯ ಸಾಕು ಎಂದುಕೊಂಡಳು.

ಕೋಟು ತೊಡಿಸಲು ಪಕ್ಕದ ಅಂಗಡಿಯ ಇಸ್ತ್ರಿಯಣ್ಣ ಬಂದ. ಮಾಸ್ಟರು ಹೊಲಿದದ್ದಕ್ಕೆಲ್ಲ ಇಪ್ಪತ್ತೈದು ವರ್ಷ ಇಸ್ತ್ರಿ ಹಾಕಿಕೊಟ್ಟವನು. ಇಬ್ಬರೂ ಸೇರಿ ತೋಳುಗಳನ್ನು ಒಂದೊಂದಾಗಿ ಒಳಗೆ ಸೇರಿಸಿದರು. ಕಾಜಾದಮ್ಮ ಭುಜ ಎಳೆದು, ಗುಂಡಿ ಹಾಕಿ, ಕಾಲರನ್ನು ಬೆರಳಿನಿಂದ ಸವರಿದಳು. ಒಂದು ಸುಕ್ಕಿರಲಿಲ್ಲ.

"ನೋಡಮ್ಮ," ಎಂದ ಇಸ್ತ್ರಿಯಣ್ಣ, ಮೂಗು ಒರೆಸಿಕೊಳ್ಳುತ್ತ. "ಇವತ್ತು ಇಲ್ಲಿ ಸೇರಿರೋ ಅಷ್ಟೂ ಜನರಲ್ಲಿ ನೆಟ್ಟಗೆ ಬಟ್ಟೆ ಹಾಕಿರೋರು ಇವರೊಬ್ಬರೇ."

⁂

ಕಾಜಾದಮ್ಮ ಅಂಗಡಿಗೆ ಮೊದಲ ಸಲ ಬಂದಾಗ ಮಾಸ್ಟರ ಹೆಂಡತಿ ತೀರಿ ಮೂರು ವರ್ಷವಾಗಿತ್ತು. ಇವಳ ಗಂಡನೂ ತೀರಿಹೋಗಿದ್ದ. ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿ ಒಳಗೆ ಬಂದು, "ಕಾಜಾ ಹಾಕೋಕೆ ಜನ ಬೇಕು ಅಂತ ಇತ್ತು," ಎಂದಳು. ಮಾಸ್ಟರು ಮುಖ ಎತ್ತದೆ ಒಂದು ಅಂಗಿ ಎಸೆದರು. ಅವಳು ಆರು ಕಾಜಾ ಹಾಕಿ ವಾಪಸು ಕೊಟ್ಟಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕನ್ನಡಕ ತೆಗೆದು ಅವಳನ್ನೂ ನೋಡಿದರು. "ನಾಳೆ ಎಂಟಕ್ಕೆ ಬನ್ನಿ," ಎಂದರು. ಮಾಸ್ಟರ ಮಟ್ಟಿಗೆ ಅದು ಹೊಗಳಿಕೆಯ ಸುರಿಮಳೆ.

ಆ ಅಂಗಡಿಗೆ ಒಂದು ಕಟ್ಟುನಿಟ್ಟಿತ್ತು. ಬಟ್ಟೆ ಪೂರ್ತಿ ಸಿದ್ಧವಾದ ಮೇಲೆ ಮಾಸ್ಟರು ಒಳಗಿನ ಅಸ್ತರಿಗೆ ನೀಲಿ ನೂಲಿನಲ್ಲಿ ಒಂದು ಹೊಲಿಗೆ ಹಾಕುತ್ತಿದ್ದರು, ತಾವು ಕತ್ತರಿಸಿದ್ದಕ್ಕೆ ಗುರುತಾಗಿ. ಅದರ ಕೆಳಗೆ ಕಾಜಾದಮ್ಮ ಕೆಂಪು ನೂಲಿನಲ್ಲಿ ಇನ್ನೊಂದು ಹಾಕಬೇಕು, ತಾನು ನೋಡಿ ಮುಗಿಸಿದ್ದಕ್ಕೆ. ಗಿರಾಕಿ ಜಗಳಕ್ಕೆ ಬಂದರೆ ತಪ್ಪು ಇಬ್ಬರದೂ. ನೀಲಿಯ ಕೆಳಗೆ ಕೆಂಪು ಬೀಳದೆ ಒಂದು ಕರವಸ್ತ್ರ ಕೂಡ ಬಾಗಿಲು ದಾಟುವಂತಿಲ್ಲ. ಒಮ್ಮೆ ಮದುವೆ ಗಂಡು ಕಾರಿನಲ್ಲಿ ಕೂತು ಹಾರ್ನ್ ಬಾರಿಸುತ್ತಿದ್ದಾಗಲೂ, "ಅವಳು ಊಟ ಮಾಡ್ತಿದ್ದಾಳೆ, ಬಂದು ಗುರುತು ಹಾಕ್ತಾಳೆ, ಮದುವೆ ಎಲ್ಲಿಗೂ ಓಡಿಹೋಗಲ್ಲ," ಎಂದು ಕೂರಿಸಿದ್ದರು.

ನೀವು ಹೋಗಿ ನೀನಾಯಿತು. ಎಂಟು ಗಂಟೆಗೆ ಬರುವವಳು ಒಂದು ದಿನ ರಾತ್ರಿ ಹೋಗದೆ ಉಳಿದಳು. ಮದುವೆ ನೋಂದಾಯಿಸೋಣ ಎಂದು ಮಾಸ್ಟರು ಹೊರಟಾಗ, ಆಗಿನ್ನೂ ಹದಿನೇಳರ ಮಗಳು ಅತ್ತು ಕರೆದು ಊಟ ಬಿಟ್ಟಳು. ಅವಳ ಮದುವೆ ಆಗಲಿ ಎಂದರು. ಅದು ಆಯಿತು, ಹೆರಿಗೆ ಆಗಲಿ ಎಂದರು. ಆಮೇಲೆ, ಈ ವಯಸ್ಸಿಗೆ ಆ ಕಚೇರಿಯ ಮೆಟ್ಟಿಲು ಹತ್ತಿದರೆ ಜನ ನಗುತ್ತಾರೆ ಎಂದು ಇವಳೇ ಬೇಡವೆಂದಳು. ಮಗ ಯಾವಾಗಲೂ ಬಾಯಿ ತುಂಬ ಚಿಕ್ಕಮ್ಮ ಎನ್ನುತ್ತಿದ್ದ. ಮಗಳು ಆಂಟಿ ಎನ್ನುವುದನ್ನು ಬಿಡಲಿಲ್ಲ. ಇವಳೂ ಮಾಸ್ಟರನ್ನು ಕೊನೆಯವರೆಗೆ ಮಾಸ್ಟ್ರೇ ಎಂದೇ ಕರೆದಳು.

⁂

ಮಣ್ಣು ಒದ್ದೆಯಾಗಿ ಗಟ್ಟಿಯಾಗಿತ್ತು. ಸ್ಮಶಾನದ ಮೇಸ್ತ್ರಿ ಕೈಯಲ್ಲಿ ಸಲಿಕೆ ಹಿಡಿದು, ಗಡಿಯಾರದ ಕಡೆ ಒಂದು ಕಣ್ಣಿಟ್ಟು, "ಮೊದಲು ಮನೆಯವರು, ಆಮೇಲೆ ಉಳಿದೋರು. ಒಂದೊಂದು ಹಿಡಿ ಸಾಕು," ಎಂದು ಕೂಗಿದ. ರಜೆಯ ದಿನ ಕೆಲಸಕ್ಕೆ ಬಂದ ಸಿಟ್ಟು ಅವನ ಮುಖದಲ್ಲಿ ಕುಣಿಯುತ್ತಿತ್ತು.

ಮಗ ಹಾಕಿದ. ಮಗಳು ಹಾಕಿ, ಬಿಕ್ಕಿ, ಅಣ್ಣನ ಭುಜಕ್ಕೆ ಒರಗಿದಳು.

"ಮನೆಯವರದೆಲ್ಲ ಆಯ್ತಾ?"

"ಆಯ್ತು," ಎಂದಳು ಮಗಳು. ಬೇಕೆಂದು ಹೇಳಿದ್ದಲ್ಲ. ಕಣ್ಣು ಕೂಡ ಬಿಟ್ಟಿರಲಿಲ್ಲ ಅವಳು. ಅದಕ್ಕೇ ಕಾಜಾದಮ್ಮನಿಗೆ ಹೆಚ್ಚು ನೋವಾಯಿತು.

"ಎಲ್ಲಿ ಆಯ್ತು? ಇವರು?" ಎಂದು ಇಸ್ತ್ರಿಯಣ್ಣ ಅವಳ ಮೊಣಕೈ ಹಿಡಿದು ಮುಂದೆ ತಳ್ಳಿದ. "ಇವರು ಯಾರು ಅಂದ್ಕೊಂಡ್ರಿ ಮೇಸ್ತ್ರಿ?"

ಮೇಸ್ತ್ರಿಗೆ ಇವರು ಯಾರಾದರೇನು. ಅವನು ಪಕ್ಕಕ್ಕೆ ಸರಿದ. ಕಾಜಾದಮ್ಮ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ಮಾಸ್ಟರ ಕೋಟಿನ ಮೇಲೆ ಮಣ್ಣು ಹಾಕಬೇಕಲ್ಲ ಎನ್ನಿಸಿ ಕೈ ಬರಲಿಲ್ಲ. ಪೆಟ್ಟಿಗೆ ಮುಚ್ಚಿದೆ, ಕೋಟಿಗೆ ಏನೂ ತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಯಿತು. ಆಮೇಲೆ ಬೆರಳು ಸಡಿಲಿಸಿದಳು.

⁂

ಕಳೆದ ವರ್ಷ ಇದೇ ರಜೆಗೆ ಎಲ್ಲರೂ ಬಂದಿದ್ದರು. ಕತ್ತರಿಸುವ ಮೇಜನ್ನೇ ತೊಳೆದು, ಬಟ್ಟೆ ಹಾಸಿ ಊಟಕ್ಕೆ ಅಣಿ ಮಾಡಿದ್ದರು. ಅಷ್ಟು ಜನಕ್ಕೆ ಸಾಲುವ ಮೇಜು ಬೇರೆ ಇರಲಿಲ್ಲ. ಮಕ್ಕಳ ಮಕ್ಕಳು ಮೇಜಿನ ಕೆಳಗೆ ಟೇಪು ಹಿಡಿದು ಒಬ್ಬರ ಕಾಲು ಒಬ್ಬರು ಅಳೆಯುತ್ತಿದ್ದರು. ಊಟ ಅರ್ಧವಾದಾಗ ಮಾಸ್ಟರು ಕೈ ತೊಳೆದು ಬಂದು ಜೇಬಿನಿಂದ ಮಡಚಿದ ಕಾಗದ ತೆಗೆದರು.

"ಒಂದು ವಿಷಯ. ಎಲ್ಲರೂ ಇದ್ದಾಗಲೇ ಹೇಳ್ಬೇಕು. ನಾನು ಹೋದ ಮೇಲೆ..."

"ಶುರುವಾಯ್ತು," ಎಂದ ಮಗ. "ಪ್ರತಿ ರಜೆಗೂ ಇದೊಂದು ಕಾರ್ಯಕ್ರಮ. ಅಪ್ಪ, ನೀವು ಇನ್ನೂ ಇಪ್ಪತ್ತು ವರ್ಷ ಕತ್ತರಿ ಆಡಿಸ್ತೀರಿ. ಆ ಪಲ್ಯ ಈ ಕಡೆ ಕೊಡಿ."

"ಕೇಳೋ ಇಲ್ಲಿ. ನಿಮಗೆ ಕೊಡೋದೆಲ್ಲ ಕೊಟ್ಟಾಗಿದೆ. ನಿನ್ನ ಔಷಧಿ ಅಂಗಡಿಗೆ ಕೊಟ್ಟೆ, ಅವಳ ಮದುವೆಗೆ ಕೊಟ್ಟೆ. ಈ ಕಾಗದದಲ್ಲಿ ನಿಮ್ಮ ಹೆಸರಿಲ್ಲ. ಈ ಮನೆಯಲ್ಲಿ ಇವಳು ಇರ್ಬೇಕು, ಇರೋವರೆಗೂ. ಆಮೇಲೆ ನಿಮ್ಮದೇ. ಇಬ್ಬರು ಸಾಕ್ಷಿ ಹಾಕ್ಬೇಕು. ನೀವಿಬ್ಬರೇ ಹಾಕಿದ್ರೆ ನಾಳೆ ತಂಟೆ ಇರಲ್ಲ ಅಂತ ನನ್ನ ಲೆಕ್ಕ."

ಮಗಳು ತಟ್ಟೆ ತಳ್ಳಿದಳು. "ಅಮ್ಮ ತೀರಿಕೊಳ್ಳೋ ಮುಂಚೆಯೂ ಇದೇ ರಜೆಯಲ್ಲಿ ಹೀಗೇ ಕೂರಿಸಿಕೊಂಡು ನನ್ನ ಬಳೆ ನಿನಗೆ, ನನ್ನ ಪೆಟ್ಟಿಗೆ ಅಣ್ಣನಿಗೆ ಅಂತ ಹಂಚಿದ್ಲು. ಎರಡು ತಿಂಗಳಿಗೆ ಹೋದ್ಲು. ನಾನು ಹಾಕಲ್ಲ. ನೀವು ಸಾಯೋ ಕಾಗದಕ್ಕೆ ನನ್ನ ಕೈಯಲ್ಲಿ ಸಹಿ ಹಾಕಿಸಬೇಡಿ ಅಪ್ಪ!" ಎಂದವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅವಳ ಅಳು ನಾಟಕವಾಗಿರಲಿಲ್ಲ. ಮನೆಯ ಆಸೆಗೆ ಅತ್ತವಳೂ ಅಲ್ಲ. ಅಪ್ಪ ಉಳಿಯಲೆಂದು ಅತ್ತವಳು.

"ನೋಡಿ, ಅಳಿಸಿದ್ರಿ," ಎಂದ ಮಗ. "ಮುಂದಿನ ರಜೆಗೆ ನೋಡೋಣ ಬಿಡಿ."

ಮಾಸ್ಟರು ಕಾಗದ ಹಿಡಿದುಕೊಂಡು ನಿಂತೇ ಇದ್ದರು. ಎಲ್ಲರ ಕಣ್ಣೂ ಕಾಜಾದಮ್ಮನ ಮೇಲೆ ಇತ್ತು, ಇಲ್ಲವೇ ಹಾಗೆಂದು ಅವಳಿಗೆ ಅನ್ನಿಸಿತು. ಮನೆಗಾಗಿ ಬಾಯಿ ಬಿಟ್ಟುಕೊಂಡು ಕೂತವಳು ಎಂದು ಇವರು ಅಂದುಕೊಂಡರೆ? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಎದ್ದು, ಮಾಸ್ಟರ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದಳು. "ಊಟ ಆರಿಹೋಗುತ್ತೆ ಮಾಸ್ಟ್ರೇ, ಕೂತ್ಕೊಳ್ಳಿ," ಎಂದಳು. ಅವತ್ತು ಅವಳು ತುಟಿ ಬಿಚ್ಚದೆ ಸುಮ್ಮನಿದ್ದಿದ್ದರೆ ಮಾಸ್ಟರು ಹಟ ಹಿಡಿಯುತ್ತಿದ್ದರೋ ಏನೋ.

⁂

ರಜೆ ಮುಗಿದು ಮಕ್ಕಳು ಹೊರಟ ಮಾರನೆಯ ದಿನ ಮಾಸ್ಟರು ಇಸ್ತ್ರಿಯಣ್ಣನನ್ನು ಕರೆದರು. ಅವನು ಇದ್ದಿಲ ಮಸಿಯ ಕೈಯನ್ನು ಎರಡು ಸಲ ತೊಳೆದು ಬಂದ. ಮಾಸ್ಟರು ಕಾಗದ ಓದಿ ಹೇಳಿ, ಅವನ, ಕಾಜಾದಮ್ಮನ ಕಣ್ಣೆದುರಿಗೆ ಸಹಿ ಹಾಕಿದರು. ಅವರ ಕೆಳಗೆ ಇಸ್ತ್ರಿಯಣ್ಣ ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ಬರೆದ.

"ಇನ್ನೊಂದು ಬೇಕಲ್ಲ ಮಾಸ್ಟ್ರೇ? ನಮ್ಮವಳನ್ನ ಕರೀಲಾ? ಅಂಗಡಿಯಲ್ಲೇ ಇದ್ದಾಳೆ."

"ಅವಳು ಯಾಕೆ?" ಮಾಸ್ಟರು ಪೆನ್ನನ್ನು ಕಾಜಾದಮ್ಮನ ಕಡೆ ಚಾಚಿದರು. "ನಾನು ಹಾಕಿದ ಮೇಲೆ ನೀನು ಹಾಕದೆ ಈ ಅಂಗಡಿಯಿಂದ ಯಾವುದು ಹೊರಗೆ ಹೋಗಿದೆ? ಹಾಕು."

ಅವಳಿಗೂ ಅದು ಸರಿಯೆಂದೇ ಕಂಡಿತು. ಸರಿಯೋ ಅಲ್ಲವೋ ಎಂಬ ಪ್ರಶ್ನೆಯೇ ಇಬ್ಬರ ತಲೆಗೂ ಹೊಳೆಯಲಿಲ್ಲ. ಅಂಚು ವಾರೆಯಾಗದಂತೆ ಕಾಗದವನ್ನು ನೇರ ಮಾಡಿಕೊಂಡು, ಮಾಸ್ಟರ ಹೆಸರಿನ ನೆಟ್ಟ ಕೆಳಗೆ, ಅಂದವಾಗಿ ಸಹಿ ಹಾಕಿದಳು. ಮಾಸ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಆಯ್ತು. ಇನ್ನು ನನಗೆ ನಿದ್ದೆ ಬರುತ್ತೆ," ಎಂದರು.

⁂

ಮಣ್ಣು ಮುಗಿಸಿ ಬಂದವರಿಗೆ ಟೀ ಕೊಟ್ಟಾಗಿತ್ತು. ಬಹಳ ಜನ ಹೊರಟುಹೋದರು. ಅಂಗಡಿಯ ಕೋಣೆಯಲ್ಲಿ ಮಗ, ಮಗಳು, ಇಸ್ತ್ರಿಯಣ್ಣ, ಮತ್ತೆ ಎದುರು ಸಾಲಿನ ವಕೀಲರು ಉಳಿದಿದ್ದರು. ವಕೀಲರು ಮೂವತ್ತು ವರ್ಷದ ಗಿರಾಕಿ. ಈಗ ಮೈಮೇಲಿದ್ದ ಕರಿ ಕೋಟೂ ಮಾಸ್ಟರದೇ ಕೈಕೆಲಸ. ಮಗ ಗಂಟಲು ಸರಿಮಾಡಿಕೊಂಡ.

"ಸಾರ್, ನೀವೂ ಇದ್ದೀರಿ, ಒಳ್ಳೇದೇ ಆಯ್ತು. ಚಿಕ್ಕಮ್ಮ, ಅಪ್ಪ ಕಳೆದ ಸಲ ಏನೋ ಕಾಗದ ಅಂತಿದ್ರಲ್ಲ. ಆಮೇಲೆ ಏನಾದ್ರೂ ಮಾಡಿದ್ರಾ?"

"ಮಾಡಿದ್ರು," ಎಂದಳು ಕಾಜಾದಮ್ಮ.

ಬೀರು ತೆರೆದು, ನೂಲಿನ ಡಬ್ಬಿಗಳನ್ನು ಎತ್ತಿಟ್ಟು, ಕಾಗದ ತಂದಳು. ಕೊಡುವಾಗ ಅವಳಿಗೆ ಸ್ವಲ್ಪ ಸಂಕೋಚವೂ ಆಯಿತು, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಆಯಿತು. ಹದಿನೆಂಟು ವರ್ಷದಲ್ಲಿ ಅವಳು ಯಾರು ಎಂದು ಬರವಣಿಗೆಯಲ್ಲಿ ಹೇಳಿದ್ದು ಅದೊಂದೇ ಕಾಗದ.

ವಕೀಲರು ಕನ್ನಡಕ ಏರಿಸಿ ಓದತೊಡಗಿದರು. "ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗೆ," ಎಂದರು. ಮೊದಲ ಪುಟ ಮುಗಿಯಿತು, ತಲೆದೂಗಿದರು. ಎರಡನೆಯದರ ಕೊನೆಗೆ ಬಂದು ನಿಂತರು. ಅಲ್ಲೇ ಬೆರಳಿಟ್ಟರು.

"ಇದು ಯಾರ ಸಹಿ?"

"ನಂದು."

"ಸಾಕ್ಷಿ ಅಂತ ಹಾಕಿದ್ದೀರಾ?"

"ಹೂಂ. ಮಾಸ್ಟ್ರ ಕೆಳಗೆ ನಾನೇ ಅಲ್ವಾ ಹಾಕೋದು."

"ನಾನೂ ಹಾಕಿದ್ದೀನಿ ಸ್ವಾಮಿ," ಎಂದ ಇಸ್ತ್ರಿಯಣ್ಣ, ಎದೆ ಮುಂದೆ ಮಾಡಿ. "ಕೈ ತೊಳ್ಕೊಂಡೇ ಹಾಕಿದ್ದು."

ವಕೀಲರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ರಸ್ತೆ ದಾಟಿ ನನ್ನ ಹತ್ತಿರ ಬರಬಾರದಿತ್ತೇನಮ್ಮ ಇವರು? ಮೂವತ್ತು ವರ್ಷ ನನ್ನ ಅಳತೆ ತಗೊಂಡ ಮನುಷ್ಯ." ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು. "ಯಾರಿಗೆ ಬರೆದಿದ್ದಾರೋ ಅವರೇ ಸಾಕ್ಷಿ ಹಾಕಿದ್ರೆ, ಅವರಿಗೆ ಬರೆದದ್ದು ನಿಲ್ಲಲ್ಲ. ನಮ್ಮ ಕಾನೂನು ಹಾಗಿದೆ. ಪಕ್ಕದಲ್ಲಿ ಕೂತು ಬಲವಂತವಾಗಿ ಬರೆಸಿಕೊಂಡಿರಬಹುದು ಅನ್ನೋ ಅನುಮಾನಕ್ಕೆ ಇಟ್ಟ ನಿಯಮ."

"ಯಾರ್ರೀ ಬಲವಂತ ಮಾಡಿದ್ದು?" ಇಸ್ತ್ರಿಯಣ್ಣ ಎದ್ದೇ ನಿಂತ. "ನಾನಿದ್ದೆನಲ್ಲ ಅಲ್ಲಿ! ನಮ್ಮವಳನ್ನ ಕರೀತೀನಿ ಅಂದೆ. ಮಾಸ್ಟ್ರೇ ಬೇಡ ಅಂದ್ರು. ಒಂದು ಕೂಗು ಹಾಕಿದ್ರೆ ಬರ್ತಿದ್ಲು ಸ್ವಾಮಿ, ಒಂದೇ ಒಂದು ಕೂಗು!"

ಕಾಜಾದಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ, ಇದು ಸಣ್ಣ ತಪ್ಪು, ತಿದ್ದಬಹುದು ಎನ್ನಿಸಿತು. ಅವಳ ಬದುಕಿನಲ್ಲಿ ಬಿಚ್ಚಿ ಮತ್ತೆ ಹೊಲಿಯಲಾಗದ್ದು ಏನೂ ಇರಲಿಲ್ಲ.

"ಹಾಗಾದ್ರೆ ನನ್ನದು ತೆಗೆದುಬಿಡಿ ಸಾರ್. ಹೊಡೆದು ಹಾಕಿ. ನಂದೇ ಸಹಿ, ನಾನೇ ಬೇಡ ಅಂತಿದ್ದೀನಲ್ಲ."

"ತೆಗೆದ್ರೆ ಒಂದೇ ಸಾಕ್ಷಿ ಉಳಿಯುತ್ತೆ. ಒಂದು ಸಾಕ್ಷಿಗೆ ಇಡೀ ಕಾಗದವೇ ನಿಲ್ಲಲ್ಲ."

"ಬೇರೆ ಯಾರದಾದ್ರೂ ಹಾಕಿಸಿ. ಇವರ ಹೆಂಡತಿ ಅಂಗಡಿಯಲ್ಲೇ ಇದ್ದಾಳೆ. ಈಗಲೇ ಕರೀತೀನಿ."

"ಬರೆದವರ ಕಣ್ಣೆದುರಿಗೆ ಹಾಕ್ಬೇಕಮ್ಮ," ಎಂದರು ವಕೀಲರು. "ಅವರು ಇರ್ಬೇಕು."

ಅವಳು ಗಡಿಯಾರ ನೋಡಿದಳು. ಯಾಕೆ ನೋಡಿದಳೋ. ನಾಲ್ಕೂ ಕಾಲು. ಮಾಸ್ಟರು ಮಣ್ಣಿನೊಳಗೆ ಹೋಗಿ ಐದು ಗಂಟೆ ಆಗಿತ್ತು, ಮನೆಯಲ್ಲಿ ಉಸಿರು ನಿಂತು ಎರಡು ದಿನ. ಅದಕ್ಕೆ ಮೊದಲು ಒಂದು ಇಡೀ ವರ್ಷ ಅವರು ಇಲ್ಲೇ, ಈ ಕುರ್ಚಿಯಲ್ಲಿ, ಕಣ್ಣು ಬಿಟ್ಟುಕೊಂಡು ಕೂತಿದ್ದರು. ಯಾವ ದಿನವಾದರೂ ಸರಿ, ಒಂದು ಕೂಗು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಮಕ್ಕಳು ಒಪ್ಪಿದ್ರೆ ಇರಬಹುದು," ಎಂದರು ವಕೀಲರು, ಮಗನ ಕಡೆ ತಿರುಗಿ. "ಅವರು ಇಟ್ಕೋತೀವಿ ಅಂದ್ರೆ ಕಾನೂನು ಅಡ್ಡ ಬರಲ್ಲ." ಇಷ್ಟು ಹೇಳಿ ಎದ್ದರು. ಇಸ್ತ್ರಿಯಣ್ಣನೂ ಅವರ ಹಿಂದೆಯೇ ಹೊರಟ. ಅವನಿಗೆ ಕಾಜಾದಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ.

ಮಗಳು ಆ ಕಾಗದ ತೆಗೆದುಕೊಂಡಳು. ಅಪ್ಪನ ಅಕ್ಷರ ಕಂಡೇ ಅವಳ ಕಣ್ಣು ತುಂಬಿತು. ಓದುತ್ತ ಓದುತ್ತ ಒಂದು ಕಡೆ ಧ್ವನಿ ಮೇಲೆ ಬಂತು. "'ನನ್ನ ಮಕ್ಕಳು ಒಳ್ಳೆಯವರು. ಆದರೆ ಅವರ ಒಳ್ಳೆಯತನವನ್ನೊಂದೇ ನಂಬಿ ಇವಳ ತಲೆಯ ಮೇಲಿನ ಸೂರನ್ನು ಬಿಟ್ಟುಹೋಗಲು ನನಗೆ ಧೈರ್ಯ ಸಾಲದು.'" ಅಣ್ಣನ ಕಡೆ ನೋಡಿದಳು. "ನೋಡಿದ್ಯಾ? ಅಪ್ಪ ನಮ್ಮನ್ನ ನಂಬಲಿಲ್ಲ."

"ಹಾಗಲ್ಲಮ್ಮ," ಎಂದಳು ಕಾಜಾದಮ್ಮ. "ಕಾಯಿಲೆ ಮನುಷ್ಯ, ಏನೋ ಭಯಕ್ಕೆ ಬರೆದ್ರು."

"ಅವಾಗ ಕಾಯಿಲೆ ಇರಲಿಲ್ಲ, ಆಂಟಿ."

ಅದು ನಿಜ. ಆಗ ಕಾಯಿಲೆ ಇರಲಿಲ್ಲ. ಕಾಜಾದಮ್ಮ ಕುರ್ಚಿ ಬಿಟ್ಟು ಅವಳ ಮುಂದೆ ನೆಲಕ್ಕೇ ಕೂತಳು. ಮಾನ ಮರ್ಯಾದೆ ನೋಡುವ ಹೊತ್ತು ದಾಟಿತ್ತು. ಕಳೆದ ರಜೆಯಲ್ಲಿ ಅದನ್ನು ನೋಡಿಕೊಂಡದ್ದಕ್ಕೇ ಇಷ್ಟೆಲ್ಲ ಆದದ್ದು.

"ನನಗೆ ಇಡೀ ಮನೆ ಬೇಡಮ್ಮ. ಹಿಂದಿನದು ಬಾಡಿಗೆಗೆ ಕೊಡಿ, ನೀವೇ ಬಂದಿರಿ, ಏನಾದ್ರೂ ಮಾಡಿ. ಈ ಅಂಗಡಿ ಕೋಣೆ ಒಂದು ಸಾಕು. ಮೇಜಿನ ಕೆಳಗೆ ಹಾಸಿಕೊಂಡು ಮಲಗ್ತೀನಿ. ನನ್ನ ಕೈಯಲ್ಲಿ ಇನ್ನೂ ಕೆಲಸ ಆಗುತ್ತೆ. ಈ ವಯಸ್ಸಲ್ಲಿ ಎಲ್ಲಿ ಹೋಗ್ಲಿ ಹೇಳಿ, ಯಾರ ಮನೆ ಬಾಗಿಲು ಬಡೀಲಿ?"

"ಛೆ ಛೆ, ಎದ್ದೇಳಿ ಚಿಕ್ಕಮ್ಮ, ಏನಿದು," ಮಗ ಓಡಿ ಬಂದು ಅವಳ ತೋಳು ಹಿಡಿದು ಎತ್ತಿದ. ಅವನ ಕೈ ಮೃದುವಾಗಿತ್ತು, ಮಾತು ಅದಕ್ಕಿಂತ ಮೃದುವಾಗಿತ್ತು. "ನಾವೇನು ಕಟುಕರಾ? ಯಾರೂ ನಿಮ್ಮನ್ನ ಅವಸರ ಮಾಡಲ್ಲ. ರಜೆ ಮುಗಿಯೋವರೆಗೂ ಆರಾಮಾಗಿರಿ."

ರಜೆ ಮುಗಿಯಲು ಇನ್ನು ಆರು ದಿನ ಇತ್ತು.

ಮಗಳು ಕಾಗದವನ್ನು ಮಡಚಿದಳು. "ನಾನು ಐದು ಸಲ ಬಾಡಿಗೆ ಮನೆ ಬದಲಾಯಿಸಿದ್ದೀನಿ, ಆಂಟಿ. ಮೂರು ಸಲ ಮಕ್ಕಳ ಶಾಲೆ ಬಿಡಿಸಿದ್ದೀನಿ. ನನಗೂ ಒಂದು ಸೂರು ಬೇಕು," ಎಂದಳು. ಕಾಜಾದಮ್ಮನ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿದಳು. "ಅವತ್ತು ನಾನು ಸಹಿ ಹಾಕಿದ್ದಿದ್ರೆ ಇದೆಲ್ಲ ಇರ್ತಿರಲಿಲ್ಲ. ಗೊತ್ತು ನನಗೆ. ಗೊತ್ತಿದ್ರೂ ಈಗ ಇರಿ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಬೈಕೊಳ್ಳಿ ಬೇಕಾದ್ರೆ."

ಕಾಜಾದಮ್ಮನಿಗೆ ಇಬ್ಬರ ಮೇಲೂ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಕೈಗೆ ಕೆಲಸ ಬೇಕಾಗಿತ್ತು. ಬಂದವರಿಗೆಂದು ಇಸ್ತ್ರಿಯಣ್ಣನ ಅಂಗಡಿಯಿಂದ ತಂದಿದ್ದ ನಾಲ್ಕು ಕುರ್ಚಿ ಒಂದರ ಮೇಲೊಂದು ಇದ್ದವು. ಎರಡನ್ನು ಎತ್ತಿಕೊಂಡು ಹೋಗಿ ಪಕ್ಕದ ಅಂಗಡಿಯ ಮುಂದೆ ಇಟ್ಟಳು. ತಿರುಗಿ ಬಂದು ಇನ್ನೆರಡನ್ನು ಒಯ್ದಳು. ಒಳಗಿಂದ ಇಸ್ತ್ರಿಯಣ್ಣನ ಹೆಂಡತಿ ಮಾತಾಡಿಸಲು ಎದ್ದಳು. ಕಾಜಾದಮ್ಮ ಕೈ ಸನ್ನೆಯಲ್ಲೇ ಬೇಡವೆಂದು ಹೇಳಿ ಹೊರಟಳು. ಆ ಹೆಂಗಸಿಗೆ ಸಹಿ ಹಾಕಲು ಬರುತ್ತಿತ್ತು. ಓದಿದವಳು.

ಬೀದಿಯಲ್ಲಿ ತಣ್ಣನೆಯ ಗಾಳಿ ಎದ್ದಿತ್ತು. ಕೆಲವು ಮನೆಗಳಲ್ಲಿ ಆಗಲೇ ದೀಪ ಹಚ್ಚಿದ್ದರು, ರಜೆಗೆ ಬಂದ ನೆಂಟರ ನಗು ಕೇಳುತ್ತಿತ್ತು. ಅವಳು ಮನೆಯ ಮುಂದೆ ಬಂದಾಗ ಬಾಗಿಲು ಮುಚ್ಚಿತ್ತು. ಎಳೆದುಕೊಂಡರೆ ತಾನೇ ಬೀಗ ಬೀಳುವ ಬಾಗಿಲು. ಚಳಿಗೆಂದು ಯಾರೋ ಮುಚ್ಚಿದ್ದರು, ಅಷ್ಟೆ. ಅವಳು ಹೆಗಲಿಗೆ ಹಾಕಿದ್ದ ಕೈಚೀಲದಿಂದ ಬೀಗದ ಕೈ ತೆಗೆದಳು. ಅದನ್ನು ತೂತಿನವರೆಗೆ ಒಯ್ದಳು. ಒಳಗೆ ಅಣ್ಣ ತಂಗಿ ಮೆಲ್ಲಗೆ ಏನೋ ಮಾತಾಡಿಕೊಳ್ಳುತ್ತಿದ್ದರು. ಹೇಳದೆ ಕೇಳದೆ ಹೀಗೆ ಬಾಗಿಲು ತೆರೆದು ಒಳಗೆ ನುಗ್ಗಬಹುದೇ ಎಂದು ಅವಳಿಗೆ ಅನುಮಾನವಾಯಿತು.

ಬೀಗದ ಕೈಯನ್ನು ಚೀಲಕ್ಕೆ ಹಾಕಿ ಗಂಟೆ ಒತ್ತಿದಳು. ಒಳಗಿನ ಮಾತು ನಿಂತಿತು. ಹೆಜ್ಜೆಯ ಸದ್ದು ಬಾಗಿಲ ಹತ್ತಿರ ಬಂತು.

"ಯಾರು?" ಎಂದಳು ಮಗಳು.

ಕಾಜಾದಮ್ಮ ಬಾಯಿ ತೆರೆದಳು. ಒಂದು ಹೆಜ್ಜೆ ಹಿಂದೆ ಸರಿದು, ಬಂದವರು ನಿಲ್ಲುವ ಜಾಗದಲ್ಲಿ, ಎರಡೂ ಕೈಯಿಂದ ಚೀಲ ಹಿಡಿದುಕೊಂಡು ನಿಂತಳು.

"ಯಾರದು?"